ಪೈ ಸಂಧಿ

ಎರಡು ಅತಿವಾಹಕಗಳ ನಡುವೆ ಫೆರೋಕಾಂತೀಯ ಲೋಹದ ತೆಳುಪದರವಿದ್ದು, ಪ್ರವಾಹವಿಲ್ಲದ ಸಹಜ ಸ್ಥಿತಿಯಲ್ಲೇ ಅವುಗಳ ಕ್ವಾಂಟಂ ಫೇಸ್‌ಗಳು ಒಂದಕ್ಕೊಂದು ಪೈ (180 ಡಿಗ್ರಿ) ಅಂತರದಲ್ಲಿರುವ ಜೋಸೆಫ್‌ಸನ್ ಸಂಧಿ. ಕೇಂಬ್ರಿಡ್ಜ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಬ್ರಿಯಾನ್ ಜೋಸೆಫ್‌ಸನ್ 1962ರಲ್ಲಿ ಊಹಿಸಿದ ಮೂಲ ಸಂಧಿಯಲ್ಲಿ ನಡುವೆ ಇದ್ದದ್ದು ನಿರೋಧಕ ಪದರ. ಅಲ್ಲಿ ವೋಲ್ಟೇಜ್ ಇಲ್ಲದೆಯೇ ಪ್ರವಾಹ ದಾಟುತ್ತದೆ. ಅದರ ಪ್ರಮಾಣ ಫೇಸ್ ಅಂತರದ ಸೈನ್ ಅನ್ನು ಅನುಸರಿಸುತ್ತದೆ. ಲೋಹದ ಪದರವನ್ನು ದಾಟುವುದನ್ನೂ ಟನಲಿಂಗ್ ಎನ್ನುವ ರೂಢಿಯಿದೆ, ಆದರೆ ಆ ಮಾತು ಸಡಿಲ: ಅತಿವಾಹಕ ಪ್ರವಾಹವನ್ನು ಹೊರುವ ಕೂಪರ್ ಜೋಡಿಗಳು (ಎರಡೆರಡು ಎಲೆಕ್ಟ್ರಾನುಗಳ ಜೋಡಿಗಳು) ಲೋಹದೊಳಕ್ಕೆ ನೇರವಾಗಿ ನುಸುಳುತ್ತವೆ.

ಈ ಜೋಡಿಯ ಎಲೆಕ್ಟ್ರಾನುಗಳ ಸ್ಪಿನ್ ಪರಸ್ಪರ ವಿರುದ್ಧ. ಕಾಂತಕ್ಕೆ ಬೇಕಾದದ್ದು ಒಂದೇ ದಿಕ್ಕು. ಹಾಗಾಗಿ ಕಬ್ಬಿಣ, ಕೋಬಾಲ್ಟ್‌ಗಳಲ್ಲಿ ಜೋಡಿ ಕೆಲವೇ ನ್ಯಾನೋಮೀಟರ್‌ಗಳಲ್ಲಿ ಕ್ಷೀಣಿಸುತ್ತದೆ. ಆದರೆ ಅಷ್ಟರೊಳಗೆ ಒಂದು ಸೋಜಿಗ ನಡೆದಿರುತ್ತದೆ. ಎರಡು ಸ್ಪಿನ್‌ಗಳ ಶಕ್ತಿ ಬೇರೆಯಾಗುವುದರಿಂದ ಜೋಡಿಗೆ ಸಂವೇಗ ಸೇರಿಕೊಂಡು, ಅದರ ಅಲೆ ಆಳಕ್ಕೆ ಹೋದಂತೆ ಧನದಿಂದ ಸೊನ್ನೆಗೆ, ಸೊನ್ನೆಯಿಂದ ಋಣಕ್ಕೆ ತೂಗಾಡುತ್ತದೆ. ಪದರದ ದಪ್ಪ ಸರಿಯಾಗಿ ಹೊಂದಿದರೆ ಪ್ರವಾಹದ ದಿಕ್ಕೇ ತಿರುಗುತ್ತದೆ; ಪೈ ಅಂತರವೆಂದರೆ ಇದೇ.

ಭೌತವಿಜ್ಞಾನಿ ಬುಲಾಯೆವ್‌ಸ್ಕಿ ಮತ್ತು ಸಂಗಡಿಗರು 1977ರಲ್ಲಿ ಕಾಂತೀಯ ಕಲ್ಮಶಗಳುಳ್ಳ ಸಂಧಿಗೆ, 1982ರಲ್ಲಿ ಬುಜ್ದಿನ್ ಜೊತೆಗೂಡಿ ಫೆರೋಕಾಂತೀಯ ಲೋಹಕ್ಕೆ ದಿಕ್ಕು ತಿರುಗುವ ಈ ಲೆಕ್ಕ ಹಾಕಿದರು. ಪ್ರಯೋಗ ತಡವಾಯಿತು. ಪ್ರಬಲ ಕಾಂತದಲ್ಲಿ ತೂಗಾಟ ಕೆಲವೇ ಪರಮಾಣುಗಳಷ್ಟು ಅಗಲದಲ್ಲಿ ಮುಗಿಯುವುದರಿಂದ ಪದರದ ಸಣ್ಣ ಉಬ್ಬುತಗ್ಗೂ ಅದನ್ನು ಅಳಿಸಿಬಿಡುತ್ತದೆ. ರಷ್ಯಾದ ಚೆರ್ನೊಗೊಲೊವ್ಕಾದ ರ್ಯಾಜಾನೊವ್ ತಂಡ ಬೇಕೆಂದೇ ದುರ್ಬಲ ಕಾಂತವನ್ನು ಆರಿಸಿಕೊಂಡಿತು: ನಿಯೋಬಿಯಂ ಪದರಗಳ ನಡುವೆ, ಸುಮಾರು ಅರ್ಧದಷ್ಟು ನಿಕ್ಕಲ್ ಬೆರೆತ ತಾಮ್ರ. 2001ರಲ್ಲಿ ಪ್ರಕಟವಾದ ಅಳತೆಗಳಲ್ಲಿ, ಸಂಧಿ ತಣ್ಣಗಾದಂತೆ ಅದು ತಾಳಬಲ್ಲ ಗರಿಷ್ಠ ಪ್ರವಾಹ ಇಳಿದು, ಒಂದು ಉಷ್ಣತೆಯಲ್ಲಿ ಸೊನ್ನೆಯಾಗಿ, ಮತ್ತೆ ಏರಿತು. ಸಾಮಾನ್ಯ ಸಂಧಿಯಲ್ಲಿ ತಂಪು ಹೆಚ್ಚಿದಷ್ಟೂ ಪ್ರವಾಹ ಏರಬೇಕು. ಈ ಅಳತೆ ಪ್ರವಾಹದ ಧನ-ಋಣ ಚಿಹ್ನೆಯನ್ನು ನೇರವಾಗಿ ತೋರಿಸುವುದಿಲ್ಲ. ಸೊನ್ನೆಗೆ ಹೋಗಿ ಮರಳಿದ್ದೇ ಅದು ಬದಲಾದದ್ದಕ್ಕೆ ಸಾಕ್ಷಿ.

ತಕ್ಕಷ್ಟು ಇಂಡಕ್ಟೆನ್ಸ್ ಇರುವ ಅತಿವಾಹಕ ಉಂಗುರದಲ್ಲಿ ಒಂದು ಪೈ ಸಂಧಿಯಿದ್ದರೆ, ಹೊರಗಿನ ಕಾಂತಕ್ಷೇತ್ರವಿಲ್ಲದೆಯೇ ಪ್ರವಾಹ ತಾನಾಗಿ ಸುತ್ತುತ್ತದೆ.

ಕಾಂತದೊಡನೆ ಜಗಳವಾಡದ ಜೋಡಿಯೂ ಉಂಟು. ಕಾಂತೀಕರಣದ ದಿಕ್ಕು ಒಂದೇ ಸಮನಾಗಿಲ್ಲದ ಕಡೆ ಸಮಾನ ಸ್ಪಿನ್‌ನ ಜೋಡಿಗಳು ಹುಟ್ಟಬಲ್ಲವೆಂದು ಬೆರ್ಗೆರೆಟ್, ವೋಲ್ಕೊವ್, ಎಫೆಟೊವ್ 2001ರಲ್ಲಿ ತೋರಿಸಿದರು. 2006ರಲ್ಲಿ ಡೆಲ್ಫ್ಟ್‌ನ ಸಂಶೋಧಕರು ಕ್ರೋಮಿಯಂ ಡೈಆಕ್ಸೈಡ್‌ನಲ್ಲಿ ಸುಮಾರು 1 ಮೈಕ್ರೋಮೀಟರ್ ದೂರದವರೆಗೆ ಅತಿವಾಹಕ ಪ್ರವಾಹ ಹರಿಯುವುದನ್ನು ಕಂಡರು. 2010ರಲ್ಲಿ ಕೇಂಬ್ರಿಡ್ಜ್ ತಂಡ ಇಂಥ ಜೋಡಿಗಳನ್ನು ಹುಟ್ಟಿಸಲು ಕೋಬಾಲ್ಟ್ ಪದರದ ಎರಡೂ ಬದಿಗೆ ಹೋಲ್ಮಿಯಂ ಇಟ್ಟಿತು. ಹೋಲ್ಮಿಯಂನ ಕಾಂತೀಕರಣ ಸಹಜವಾಗಿಯೇ ಸುರುಳಿಯಾಕಾರದ್ದು.