ಟೇಸರ್ ಮತ್ತು ಪೊಲೀಸರ ಬಲಪ್ರಯೋಗ

ತಂತಿ ಕಟ್ಟಿದ ಎರಡು ಕಿರುಬಾಣಗಳನ್ನು ದೂರದಿಂದ ಎಸೆದು, ಸುಮಾರು 5 ಸೆಕೆಂಡುಗಳ ಕಾಲ ವಿದ್ಯುತ್ತನ್ನು ಹಾಯಿಸಿ ಸ್ನಾಯುಗಳನ್ನು ಸೆಟೆಸುವ ಟೇಸರ್ ಎಂಬ ಆಯುಧವನ್ನು ಅಮೆರಿಕದ ಜ್ಯಾಕ್ ಕವರ್ 1970ರ ದಶಕದಲ್ಲಿ ನಿರ್ಮಿಸಿದನು. ಲಾಠಿಗೂ ಬಂದೂಕಿಗೂ ನಡುವಣ ಸಾಧನವೆಂದು ಸಮರ್ಥಕರು ಇದನ್ನು ಎತ್ತಿಹಿಡಿಯುವರು. ಬಂಧಿಸಹೋದ ಪೊಲೀಸರು ಆರೋಪಿಯ ಕಾಲಿಗೆ ಗುಂಡು ಹಾರಿಸಿದ ವಾರ್ತೆಗಳು ಕಲಬುರಗಿಯೂ ಸೇರಿದಂತೆ ಕರ್ನಾಟಕದಲ್ಲಿ ಪದೇಪದೇ ಬರುತ್ತಿರುವಾಗ ಈ ವಾದವನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೆ 2023ರಲ್ಲಿ ಆಸ್ಟ್ರೇಲಿಯಾದ ಕೂಮಾ ಪಟ್ಟಣದ ವೃದ್ಧಾಶ್ರಮದೊಳಗೆ, ಕೈಯಲ್ಲಿ ಊಟದ ಚೂರಿ ಹಿಡಿದು ವಾಕರ್ ಊರಿ ಮೆಲ್ಲನೆ ಹೆಜ್ಜೆಯಿಡುತ್ತಿದ್ದ 95 ವರ್ಷದ ಕ್ಲೇರ್ ನೌಲ್ಯಾಂಡ್ ಎಂಬ ವೃದ್ಧೆ, ಪೊಲೀಸನೊಬ್ಬನ ಟೇಸರ್ ತಾಗಿ ಉರುಳಿ, ತಲೆಗೆ ಪೆಟ್ಟಾಗಿ, ಕೆಲವು ದಿನಗಳಲ್ಲೇ ಅಸುನೀಗಿದಳು. ಅಲ್ಲದೆ, ಬಂಧಿತನು ಓಡಿಹೋಗದಂತೆ ತಡೆಯಲು ಬೇಕಾದುದಕ್ಕಿಂತ ಅಧಿಕ ನಿರ್ಬಂಧ ಸಲ್ಲದೆಂಬುದು ಭಾರತದ ದಂಡಪ್ರಕ್ರಿಯೆಯ ನಿಯಮ. ಧರಣಿ, ಮೆರವಣಿಗೆಗಳು ನೆರೆಯುವ ಕಲಬುರಗಿಯ ಜಗತ್ ವೃತ್ತದಂಥ ಜನನಿಬಿಡ ಸ್ಥಳದಲ್ಲಿ ಗುರಿಗೆ ಸಿಕ್ಕವನು ಈ ವಿದ್ಯುದಾಘಾತದಿಂದ ಅಪಾಯಕ್ಕೀಡಾಗಬಹುದಾದ ಹೃದ್ರೋಗಿಯೋ ಆರೋಗ್ಯವಂತನೋ ಎಂದು ಪೇದೆಯು ಆ ಕ್ಷಣದಲ್ಲಿ ಅರಿಯುವುದು ಅಸಾಧ್ಯವೆಂಬುದೇ, ನಮ್ಮ ಮಟ್ಟಿಗೆ, ವಿರೋಧಿಗಳ ಪ್ರಬಲತಮ ಆಕ್ಷೇಪ.