ಸುರುಳಿತಂತುಗಳಲ್ಲಿಯ ಯುಬಿಕ್ವಿಟಿನ್: 1987ರ ಸಾಕ್ಷ್ಯದ ಪುನರ್ವಿಮರ್ಶೆ

ಆಲ್‌ಝೈಮರ್ ರೋಗಿಗಳ ನರಕೋಶಗಳಲ್ಲಿ ಗಂಟುಗಟ್ಟಿರುವ ಸುರುಳಿತಂತುಗಳಲ್ಲಿ ಯುಬಿಕ್ವಿಟಿನ್ ಇದೆಯೆಂದು 1987ರಲ್ಲಿ ಜಪಾನಿನ ಮೋರಿ, ಕೊಂಡೊ, ಇಹಾರ ಇವರೂ, ಅಮೆರಿಕದ ಪೆರಿ ಮತ್ತು ಅವರ ಸಂಗಡಿಗರೂ ಪ್ರಕಟಿಸಿದಂದಿನಿಂದ, ಈ ವಿಷಯದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಒಂದು ತೀರ್ಮಾನವನ್ನು ಪರೀಕ್ಷಿಸದೆಯೇ ಉದ್ಧರಿಸುತ್ತ ಬಂದಿದ್ದಾರೆ: ಯುಬಿಕ್ವಿಟಿನ್ ಎಂಬುದು ನಾಶಕ್ಕೆ ಗೊತ್ತಾದ ಪ್ರೋಟೀನಿನ ಮೇಲಣ ಮುದ್ರೆ, ಮುದ್ರೆಯಿದ್ದೂ ಪ್ರೋಟೀನು ಉಳಿದಿದೆ, ಆದಕಾರಣ ಮುದ್ರೆಬಿದ್ದ ಪ್ರೋಟೀನನ್ನು ಒಡೆಯುವ ಕೋಶಯಂತ್ರವಾದ ಪ್ರೊಟಿಯಾಸೋಮಿನ ವಿಘಟನಕಾರ್ಯ ಕುಸಿದುದೇ ರೋಗಮೂಲ. ಮೊದಲೆರಡು ಮಾತುಗಳಿಂದ ಮೂರನೆಯದು ಹೊರಡುವುದಿಲ್ಲ, ಮೊದಲನೆಯದಂತೂ ಅರ್ಧಸತ್ಯ.

ಯುಬಿಕ್ವಿಟಿನ್ ಮೂಲಕ ನಡೆಯುವ ಪ್ರೋಟೀನ್ ವಿಘಟನವನ್ನು ಕುರಿತ ಹರ್ಷ್ಕೊ, ಚೀಹನೋವರ್ ಇವರ ಸಂಶೋಧನೆ ಬೆಳಕಿಗೆ ಬರುವ ಮುನ್ನವೇ, 1977ರಲ್ಲಿ, ಗೋಲ್ಡ್‌ಕ್ನಾಫ್ ಮತ್ತು ಬುಶ್ ಇವರು ಕೋಶಕೇಂದ್ರದ ಹಿಸ್ಟೋನ್ ಎಂಬ ಪ್ರೋಟೀನಿಗೆ ಯುಬಿಕ್ವಿಟಿನ್ ಬೆಸೆದಿರುವ ಬಗೆಯನ್ನು ತೋರಿಸಿದ್ದರು. ಆ ಹಿಸ್ಟೋನು ನಾಶಕ್ಕೆ ಸಾಗತಕ್ಕುದಲ್ಲ. (ವಿಘಟನಕ್ಕೆ ಬೇಕಾದ ಸಣ್ಣ ಪ್ರೋಟೀನು ಯುಬಿಕ್ವಿಟಿನ್ನೇ ಎಂದು 1980ರಲ್ಲಿ ಗುರುತಿಸುವುದಕ್ಕೆ ದಾರಿದೋರಿದುದೂ ಈ ಹಿಸ್ಟೋನಿನ ಪರಿಚಯವೇ. ಅದನ್ನು ಮರೆತು ಚರಿತ್ರೆ ಬರೆಯುವುದು ನ್ಯಾಯವಲ್ಲ.) ಮುಂದೆ 1989ರಲ್ಲಿ ಚೌ ಮೊದಲಾದವರು, ನಾಶಕ್ಕೆ ಒಯ್ಯುವುದು ಒಂಟಿ ಯುಬಿಕ್ವಿಟಿನ್ ಅಲ್ಲ, 48ನೆಯ ಲೈಸಿನ್ನಿನ ಮೂಲಕ ಒಂದಕ್ಕೊಂದು ಕೂಡಿದ ಸರಪಣಿ ಎಂದು ಸ್ಥಾಪಿಸಿದರು. ಹಾಗಾದರೆ ಕೇಳತಕ್ಕ ಪ್ರಶ್ನೆ, ತಂತುಗಳಲ್ಲಿ ಯುಬಿಕ್ವಿಟಿನ್ ಇದೆಯೇ ಎಂಬುದಲ್ಲ, ಯಾವ ರೂಪದಲ್ಲಿದೆ ಎಂಬುದು.

ಈ ಪ್ರಶ್ನೆಗೆ ಇಹಾರ ಅವರ ಬಳಗವೇ 1993ರಲ್ಲಿ ಉತ್ತರ ಕೊಟ್ಟಿತು. ಮೊರಿಶಿಮಾ-ಕವಾಶಿಮಾ ಮೊದಲಾದವರ ಆ ಲೇಖನಕ್ಕೆ, 1987ರ ಬಣ್ಣಗಟ್ಟಿದ ಚಿತ್ರಗಳಿಗೆ ದೊರೆತ ಮನ್ನಣೆ ದೊರೆಯದೆ ಹೋದುದು ನನಗೆ ನೋವಿನ ಸಂಗತಿ. ಪ್ರತಿಕಾಯದ ಬಣ್ಣವು ಯುಬಿಕ್ವಿಟಿನ್ ಇರುವೆಡೆಯನ್ನು ತೋರಿಸೀತು, ಅದರ ಬೆಸುಗೆಯನ್ನು ಹೇಳಲಾರದು. ಅವರಾದರೋ ತಂತುಗಳ ಟೌ ಪ್ರೋಟೀನನ್ನೇ ರಾಸಾಯನಿಕವಾಗಿ ವಿಶ್ಲೇಷಿಸಿ, ಯಾವ ಯಾವ ಲೈಸಿನ್ನಿಗೆ ಯುಬಿಕ್ವಿಟಿನ್ ಅಂಟಿದೆಯೆಂದು ಗುರುತಿಸಿದರು. ಕಂಡುದು ಬಹುಪಾಲು ಒಂಟಿ ಯುಬಿಕ್ವಿಟಿನ್, ಸರಪಣಿಗಳು ಅಲ್ಪಾಂಶ. ಮೇಲಾಗಿ ಅದು ಅಂಟಿದ್ದುದು ಅಮೈನೋ ತುದಿ ಕತ್ತರಿಸಿಹೋದ ಟೌವಿಗೆ. ತಂತು ಮೊದಲು ಕಟ್ಟಿ, ತುದಿ ಸವೆದು, ಯುಬಿಕ್ವಿಟಿನ್ ಕಡೆಯಲ್ಲಿ ಬಂದಿತೆಂಬ ಅನುಕ್ರಮವೇ ಇದಕ್ಕೆ ಹೆಚ್ಚು ಹೊಂದುತ್ತದೆ. ಮರಣಾನಂತರ ಮಿದುಳಿನ ಕಿಣ್ವಗಳೇ ಸರಪಣಿಗಳನ್ನು ಕತ್ತರಿಸಿರಬಹುದೆಂಬ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಅದನ್ನೊಪ್ಪಿದರೂ ಸರಪಣಿಯ ಉದ್ದದ ಮಾತು ಸಂದೇಹಕ್ಕೆ ಬಂದೀತೇ ಹೊರತು, ತುದಿ ಹೋದ ಟೌವಿನ ಸಾಕ್ಷ್ಯಕ್ಕೆ ಕುಂದಿಲ್ಲ.

ಹಾಗೆಂದು ಪ್ರೋಟೀನ್ ವಿಘಟನಕ್ಕೂ ನರಕ್ಷಯಕ್ಕೂ ಸಂಬಂಧವಿಲ್ಲವೆಂದು ನಾನು ಹೇಳುವವನಲ್ಲ. 2006ರಲ್ಲಿ ಹರಾ ಮತ್ತು ಕೊಮಾತ್ಸು ಇವರ ಎರಡು ಬಳಗಗಳು ಇಲಿಯ ನರಕೋಶಗಳಲ್ಲಿ ಆಟೊಫೆಜಿಗೆ, ಎಂದರೆ ಕೋಶವು ತನ್ನೊಳಗಿನ ವಸ್ತುವನ್ನೇ ಜೀರ್ಣಿಸಿಕೊಳ್ಳುವ, ಪ್ರೊಟಿಯಾಸೋಮಿಗಿಂತ ಬೇರೆಯಾದ ಮಾರ್ಗಕ್ಕೆ, ಬೇಕಾದ ಒಂದೊಂದು ಜೀನನ್ನು ತೆಗೆದವು; ವಿಕೃತ ಪ್ರೋಟೀನೊಂದನ್ನೂ ಹೊರಗಿನಿಂದ ಸೇರಿಸದಿದ್ದರೂ ಕೋಶಗಳು ಕ್ಷಯಿಸಿದವು, ಯುಬಿಕ್ವಿಟಿನ್ ತುಂಬಿದ ಮುದ್ದೆಗಳು ಕಟ್ಟಿದವು. ಕಾರ್ಯಕಾರಣ ಸಂಬಂಧಕ್ಕೆ ಪ್ರಮಾಣವೆನ್ನಬೇಕಾದುದು ಇದು. ಆದರೆ ಇದನ್ನು 1987ರ ವಾದಕ್ಕೆ ಬೆಂಬಲವೆಂದು ಎತ್ತಿಹಿಡಿಯುವವರು ಕೊಮಾತ್ಸು ಅವರ ಲೇಖನವನ್ನು ಕೊನೆಯವರೆಗೆ ಓದಿದಂತಿಲ್ಲ: ಆ ಇಲಿಗಳ ನರಕೋಶಗಳಲ್ಲಿ ಪ್ರೊಟಿಯಾಸೋಮಿನ ಕೆಲಸಕ್ಕೆ ಗಮನಾರ್ಹವಾದ ಲೋಪ ಕಂಡುಬಂದಿರಲಿಲ್ಲ.