ಬೆಂಗಳೂರಿಗೆ ಸಾಮು ಕಲಿಸಿದ ನಮ್ಮ ಜಿಲ್ಲೆಯ ಕೆ.ವಿ. ಅಯ್ಯರ್

ನಾನು ಓದುವಾಗ ಮೇಷ್ಟ್ರೊಬ್ಬರು ಕಬಡ್ಡಿ ಆಡೋ ಹುಡುಗರನ್ನೆಲ್ಲ ಹಿಂದಿನ ಬೆಂಚಿಗೆ ಕಳಿಸುತ್ತಿದ್ದರು. 'ಮೈ ಬೆಳೆಸಿದವನಿಗೆ ಓದು ಹತ್ತಲ್ಲ' ಅನ್ನೋರು. ಬಂಗಾರಪೇಟೆ, ಕೆಜಿಎಫ್ ಕಡೆ ಈ ಮಾತು ಈಗಲೂ ಕೇಳಿಬರುತ್ತದೆ. ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಅವರ ಹೆಸರು ಕೆ.ವಿ. ಅಯ್ಯರ್, ಊರು ದೇವರಾಯಸಮುದ್ರ.

ಆ ಕಾಲದಲ್ಲಿ ಜಗತ್ತೆಲ್ಲ ಯೂಜೆನ್ ಸ್ಯಾಂಡೋ ಹೆಸರು. ಜರ್ಮನಿ ಕಡೆಯ ಈ ಬಲಶಾಲಿ 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟಿದ್ದ. ನಮ್ಮಲ್ಲಿ ಗರಡಿಮನೆ, ಕೆಮ್ಮಣ್ಣು, ದಂಡ, ಬಸ್ಕಿ ಮೊದಲೇ ಇದ್ದವು. ಅಯ್ಯರ್ ಎರಡರಲ್ಲಿ ಒಂದನ್ನು ಬಿಡಲಿಲ್ಲ. ಬಾರ್‌ಬೆಲ್ ಎತ್ತಿಸಿದರು, ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನೂ ಮಾಡಿಸಿದರು. ತೋಳು ದಪ್ಪ ಆದರೆ ಸಾಲದು, ಹೊಟ್ಟೆ, ಉಸಿರು ಎಲ್ಲ ಸರಿಯಿರಬೇಕು ಅನ್ನೋದು ಅವರ ಪಾಠ. ಯೋಗಾಚಾರ್ಯ ಸುಂದರಂ ಜೊತೆ ಸೇರಿ ಪ್ರದರ್ಶನ, ಉಪನ್ಯಾಸಗಳನ್ನೂ ನಡೆಸಿದರು.

ಬೆಂಗಳೂರಿನಲ್ಲಿ ಅವರು ಕಟ್ಟಿದ್ದು ಹರ್ಕ್ಯುಲಿಸ್ ಜಿಮ್ನೇಷಿಯಂ. ಹಲವು ಜಾಗ ಬದಲಾಯಿಸಿ, ಮೈಸೂರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1940ರಲ್ಲಿ ಜೆ.ಸಿ. ರಸ್ತೆಯಲ್ಲಿ ನೆಲೆ ಕಂಡಿತು. ದೂರದವರಿಗೆ ಅಂಚೆ ಮೂಲಕವೇ ವ್ಯಾಯಾಮ ಕಲಿಸಿದರು. ಇವತ್ತು ನೀವು ಫೋನಿನಲ್ಲಿ ವಿಡಿಯೋ ನೋಡಿ ಕಲಿಯುತ್ತೀರಲ್ಲ, ಆಗ ಆ ಕೆಲಸವನ್ನು ಪೋಸ್ಟ್‌ಮ್ಯಾನ್ ಮಾಡುತ್ತಿದ್ದ. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸಿಕ್', 1937ರಲ್ಲಿ 'ಸೂರ್ಯನಮಸ್ಕಾರ್' ಎಂಬ ಇಂಗ್ಲಿಷ್ ಪುಸ್ತಕಗಳು ಬಂದವು.

ಇಷ್ಟಕ್ಕೇ ನಿಂತಿದ್ದರೆ ನಮ್ಮ ಮೇಷ್ಟ್ರ ಮಾತೇ ಗೆಲ್ಲುತ್ತಿತ್ತೇನೋ. ಆದರೆ ಹೊಯ್ಸಳರ ರಾಣಿಯ ಕಥೆ 'ಶಾಂತಲಾ' ಕಾದಂಬರಿ ಬರೆದವರೂ ಇದೇ ಅಯ್ಯರ್! 'ರೂಪದರ್ಶಿ'ಯೂ ಅವರದೇ. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರು. 'ರವಿ ಕಲಾವಿದರು' ಎಂಬ ನಾಟಕ ತಂಡವನ್ನೂ ಕಟ್ಟಿದರು. 1980ರಲ್ಲಿ ತೀರಿಕೊಂಡರು.

2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಹುಡುಗರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಿಗೆ ಮೈಯೇ ಬಂಡವಾಳ. ಮೂರು ತಿಂಗಳಲ್ಲಿ ಮೈ ಬರಿಸುತ್ತೇವೆ ಅಂತ ಪುಡಿ ಡಬ್ಬಿ ಮಾರುವವರಿಗೆ ದುಡ್ಡು ಸುರಿಯೋ ಮುಂಚೆ ಅಯ್ಯರ್ ಪಾಠ ನೆನೆಸಿಕೊಳ್ಳಿ. ಸೂರ್ಯನಮಸ್ಕಾರಕ್ಕೆ ಬೇಕಾಗಿರೋದು ಆರಡಿ ನೆಲ, ಅಷ್ಟೆ.

ಕೋಲಾರದಿಂದ ಮುಳಬಾಗಿಲಿಗೆ ಹೋಗುವಾಗ ದೇವರಾಯಸಮುದ್ರದ ಬೋರ್ಡು ಕಂಡರೆ ಪಕ್ಕದಲ್ಲಿ ಕೂತ ಮಕ್ಕಳಿಗೆ ಇವರ ಕಥೆ ಹೇಳಿ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗರಿಗಂತೂ ತಪ್ಪದೆ ಹೇಳಿ.